ರಾತ್ರಿ ನೇಪಲ್ಸ್, ಬೆಳಿಗ್ಗೆ ಪಲೆರ್ಮೊ: ಹಡಗಿನಲ್ಲಿ ಸಿಸಿಲಿಗೆ ಹೋಗುವುದು ಹೇಗೆ?

ಇಟಲಿಗೆ ಹೋಗುವ ನಮ್ಮವರ ಪಟ್ಟಿ ಹೆಚ್ಚೂಕಡಿಮೆ ಒಂದೇ. ರೋಮ್, ಫ್ಲಾರೆನ್ಸ್, ವೆನಿಸ್. ಪೀಸಾದ ವಾಲಿದ ಗೋಪುರಕ್ಕೆ ಕೈ ಕೊಟ್ಟು ನಿಂತ ಒಂದು ಫೋಟೊ. ಅಲ್ಲಿಗೆ ಮುಗೀತು. ಕೆಳಗಿನ ಸಿಸಿಲಿ ದ್ವೀಪದ ತನಕ ಬರುವವರು ಕಡಿಮೆ. ಬಂದರೂ ವಿಮಾನದಲ್ಲಿ ಬರುತ್ತಾರೆ. ಸಿಸಿಲಿಯ ರಾಜಧಾನಿ ಪಲೆರ್ಮೊದ ವಿಮಾನ ನಿಲ್ದಾಣ ಊರಿನಿಂದ ಸುಮಾರು 35 ಕಿ.ಮೀ. ದೂರ. ಬಂದರು ಮಾತ್ರ ಊರಿನ ಮಡಿಲಲ್ಲೇ ಇದೆ. ಹಡಗು ಇಳಿದು ಕಾಲು ಗಂಟೆ ನಡೆದರೆ ಪೇಟೆ. ಊರಿನ ಹೆಸರೂ ಗ್ರೀಕರ ‘ಪಾನೊರ್ಮೊಸ್’ನಿಂದ ಬಂದದ್ದು, ಅಂದರೆ ‘ಎಲ್ಲಾ ಬಂದರೇ’ ಎಂದು. ಇಂಥ ಊರಿಗೆ ಸಮುದ್ರದ ಕಡೆಯಿಂದಲೇ ಹೋಗಬೇಕು ಎಂಬುದು ನನ್ನ ಹಟ.

ದಕ್ಷಿಣ ಇಟಲಿಯ ನೇಪಲ್ಸ್‌ನಿಂದ ಸಂಜೆ ಎಂಟರ ಆಸುಪಾಸಿಗೆ ಹೊರಡುವ ಹಡಗು ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ಪಲೆರ್ಮೊ ಮುಟ್ಟಿಸುತ್ತದೆ. ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯಿತಲ್ವಾ?

ಕಾಗದಪತ್ರ

ಸಿಸಿಲಿ ಇಟಲಿಯದೇ ಭಾಗ. ಹಾಗಾಗಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಇದ್ದರೆ ಸಾಕು. ಬೆಂಗಳೂರಿನಲ್ಲೇ ಅರ್ಜಿ ಕೊಡಬಹುದು. ದೊಡ್ಡವರಿಗೆ ಶುಲ್ಕ 90 ಯೂರೊ, ಜೊತೆಗೆ ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ವಿಮೆ ಬೇಕು. ಹೊರಡುವ ದಿನಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಲು ಬಿಡುತ್ತಾರೆ. ಕೊನೆಯ ಗಡುವು 15 ದಿನ. ಆದರೆ ಅಲ್ಲಿಯ ತನಕ ಕಾಯುವುದು ಜಾಣತನ ಅಲ್ಲ.

ಟಿಕೆಟ್

ಜಿಎನ್‌ವಿ, ತಿರ್ರೇನಿಯಾ ಎಂಬ ಕಂಪನಿಗಳು ಈ ಹಾದಿಯಲ್ಲಿ ಹಡಗು ಓಡಿಸಿಕೊಂಡು ಬಂದಿವೆ. ಆನ್‌ಲೈನ್‌ನಲ್ಲೇ ಟಿಕೆಟ್ ಸಿಗುತ್ತದೆ. ಎಲ್ಲಕ್ಕಿಂತ ಅಗ್ಗ ‘ಪಸ್ಸಾಜೊ ಪೊಂತೆ’. ಅಂದರೆ ಹಡಗಿನೊಳಗೆ ಜಾಗ ಉಂಟು, ನಿಮ್ಮದೇ ಸೀಟು ಇಲ್ಲ. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ‘ಪೊಲ್ತ್ರೋನಾ’. ಇದು ನಮ್ಮ ಸೆಮಿ ಸ್ಲೀಪರ್ ಬಸ್ಸಿನ ಸೀಟಿನ ಹಾಗೆ ಹಿಂದಕ್ಕೆ ವಾಲುವ ಕುರ್ಚಿ. ಕೊನೆಯದು ಕ್ಯಾಬಿನ್: ಹಾಸಿಗೆ, ಪುಟ್ಟ ಬಚ್ಚಲು ಎರಡೂ ಇರುವ ಕೋಣೆ. ಇಬ್ಬರಿದ್ದರೆ ಕ್ಯಾಬಿನ್ನೇ ತಗೊಳ್ಳಿ. ಕಿಟಕಿ ಇಲ್ಲದ ಕ್ಯಾಬಿನ್ ಸ್ವಲ್ಪ ಅಗ್ಗ. ರಾತ್ರಿಯೆಲ್ಲ ಕತ್ತಲೆ, ಕಿಟಕಿಯಲ್ಲಿ ನೋಡುವುದೇನು?

ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು. ನಮ್ಮಲ್ಲಿ ಇನಿಷಿಯಲ್, ತಂದೆ ಹೆಸರು, ಊರ ಹೆಸರು ಅಂತ ಗೊಂದಲ ಜಾಸ್ತಿ. ಎರಡು ಸಲ ಓದಿ ನೋಡಿ, ಆಮೇಲೆ ದುಡ್ಡು ಕಟ್ಟಿ. ಆಗಸ್ಟ್ 15ರ ಸುತ್ತಮುತ್ತ ಇಡೀ ಇಟಲಿಯೇ ರಜೆಯಲ್ಲಿರುತ್ತದೆ. ಆ ವಾರ ಬಿಟ್ಟರೆ ಒಳ್ಳೆಯದು.

ಸರಿಯಾದ ಕಟ್ಟೆ ಹುಡುಕುವುದು

ಇಲ್ಲಿ ನಾನೇ ಎಡವಿದೆ. ನೇಪಲ್ಸ್ ಬಂದರು ಅಂದರೆ ಒಂದೇ ಜಾಗ ಅಂದುಕೊಂಡು ಸೀದಾ ಮೋಲೊ ಬೆವೆರೆಲ್ಲೊಗೆ ಹೋಗಿ ನಿಂತಿದ್ದೆ. ಅದು ಕಾಪ್ರಿ ದ್ವೀಪಕ್ಕೆ ಹೋಗುವ ವೇಗದ ಚಿಕ್ಕ ದೋಣಿಗಳ ಕಟ್ಟೆ. ದೊಡ್ಡ ಹಡಗು ಹೊರಡುವುದು ಕಲಾತಾ ಪೋರ್ತಾ ದಿ ಮಾಸ್ಸಾದಿಂದ. ಒಂದೇ ದಂಡೆ, ಆದರೂ ಗಾಲಿ ಪೆಟ್ಟಿಗೆ ಎಳೆದುಕೊಂಡು ಕಲ್ಲುಹಾಸಿನ ಮೇಲೆ ನಡೆಯುವಾಗ ಆ ದೂರ ಬೆಳೆಯುತ್ತಲೇ ಹೋಗುತ್ತದೆ. ಬೆವರಿಳಿಸಿಕೊಂಡು ಮುಟ್ಟಿದಾಗ ಹಡಗು ಇನ್ನೂ ಇತ್ತು, ಪುಣ್ಯ.

ಟಿಕೆಟ್ ಮೇಲೆ ಬರೆದ ಕಟ್ಟೆಯ ಹೆಸರು ನೋಡಿಯೇ ಹೊರಡಿ. ರೈಲು ನಿಲ್ದಾಣದಿಂದ ಮೆಟ್ರೊ ಒಂದನೇ ಲೈನಿನಲ್ಲಿ ಬಂದು ಯುನಿವೆರ್ಸಿತಾದಲ್ಲಿ ಇಳಿದರೆ ಈ ಕಟ್ಟೆಗೆ ನಡೆದೇ ಹೋಗಬಹುದು. ‘ಇಂಬಾರ್ಕಿ’ ಎಂಬ ಫಲಕ ಕಂಡರೆ ಹಡಗು ಹತ್ತುವ ದಾರಿ ಅದು. ಹೊರಡುವ ಎರಡು ಗಂಟೆ ಮೊದಲು ಅಲ್ಲಿರಿ.

ಹತ್ತುವಾಗ ಗಾಬರಿ ಬೇಡ. ಲಾರಿ, ಕಾರುಗಳು ಒಳಗೆ ನುಗ್ಗುವ ಇಳಿಜಾರಿನ ಮೇಲೇ ನಡೆಯುವವರನ್ನೂ ಕಳಿಸುವುದುಂಟು. ಫೆರ್ರಿ ಅಂದರೆ ಸಿಗಂದೂರಿನ ಲಾಂಚ್ ನೆನಪಾಗುವ ನಮ್ಮಂಥವರಿಗೆ ಆ ಹೊಟ್ಟೆ ನೋಡಿದರೆ ಬಾಯಿ ತೆರೆದುಕೊಳ್ಳುತ್ತದೆ. ಸಾಲು ಸಾಲು ಲಾರಿ ನಿಂತಿರುತ್ತವೆ, ಮೇಲೆ ಹಲವು ಅಂತಸ್ತು. ರಿಸೆಪ್ಷನ್‌ನಲ್ಲಿ ಕ್ಯಾಬಿನ್ ಕೀಲಿ ತಗೊಂಡು, ಬ್ಯಾಗ್ ಒಳಗಿಟ್ಟು, ತಡ ಮಾಡದೆ ಮೇಲಿನ ಡೆಕ್ಕಿಗೆ ಹೋಗಿ. ಬೇಸಿಗೆಯಲ್ಲಾದರೆ ಆ ಹೊತ್ತಿಗೆ ಇನ್ನೂ ಬೆಳಕಿರುತ್ತದೆ. ಒಂದು ಕಡೆ ವೆಸೂವಿಯಸ್ ಜ್ವಾಲಾಮುಖಿ, ಇನ್ನೊಂದು ಕಡೆ ಊರಿನ ದೀಪಗಳು. ಇನ್ನಷ್ಟು ಹೊತ್ತಾದ ಮೇಲೆ ಕಾಪ್ರಿ.

ರಾತ್ರಿ ಕಳೆಯುವುದು

ಹಡಗು ದಡ ಬಿಟ್ಟ ಕೂಡಲೇ ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇದನ್ನು ಮರೆಯಬೇಡಿ. ನಡು ಸಮುದ್ರದಲ್ಲಿ ಫೋನು ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯಬಹುದು. ನಿಮ್ಮ ರೋಮಿಂಗ್ ಪ್ಯಾಕ್ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸುಮ್ನೆ ಜೇಬಲ್ಲಿದ್ದ ಫೋನಿಗೇ ದೊಡ್ಡ ಬಿಲ್ ಬಂದೀತು.

ಎ.ಸಿ. ಚಳಿಗೆ ಒಂದು ಶಾಲು ಕೈಯಲ್ಲೇ ಇರಲಿ. ಕಡಲು ಆಗಿಬರದವರು ವೈದ್ಯರನ್ನು ಕೇಳಿ ಮಾತ್ರೆ ಇಟ್ಟುಕೊಳ್ಳಿ. ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಓಲಾಟ ಕಡಿಮೆ. ಊಟಕ್ಕೆ ಒಳಗೆ ಕ್ಯಾಂಟೀನು ಇದೆ. ಆದರೆ ನೇಪಲ್ಸ್‌ನಲ್ಲಿ ಒಂದು ಪಿಜ್ಜಾ ಕಟ್ಟಿಸಿಕೊಂಡು ಬಂದವರೇ ಗೆದ್ದವರು.

ಬೆಳಿಗ್ಗೆ, ಮುಟ್ಟುವ ಹೊತ್ತಿಗಿಂತ ಸುಮಾರು ಒಂದು ಗಂಟೆ ಮೊದಲೇ ಕ್ಯಾಬಿನ್ ಖಾಲಿ ಮಾಡಲು ಕೂಗಿ ಹೇಳುತ್ತಾರೆ. ಬೈಕೊಳ್ಳುತ್ತಲೇ ಏಳಿ, ಆದರೆ ಡೆಕ್ಕಿಗೆ ಹೋಗಿ. ಎದುರಿಗೆ ಸುಮಾರು 600 ಮೀಟರ್ ಎತ್ತರದ ಬೋಳು ಬಂಡೆ ಬೆಟ್ಟ ಎದ್ದು ನಿಂತಿರುತ್ತದೆ. ಅದು ಮೊಂತೆ ಪೆಲ್ಲೆಗ್ರೀನೊ. ಅದರ ಗವಿಯಲ್ಲಿ ಊರಿನ ರಕ್ಷಕಿ ಸಂತ ರೊಸಾಲಿಯಾಳ ಗುಡಿ ಇದೆ. 1624ರಲ್ಲಿ ಪ್ಲೇಗ್ ಬಂದಾಗ ಅವಳ ಮೂಳೆಗಳು ಈ ಬೆಟ್ಟದಲ್ಲಿ ಸಿಕ್ಕವು, ಅವನ್ನು ಊರೊಳಗೆ ಮೆರವಣಿಗೆ ಮಾಡಿದ ಮೇಲೆ ಮಾರಿ ಹೋಯಿತು ಎಂದು ಜನ ನಂಬುತ್ತಾರೆ. ಈಗಲೂ ಜುಲೈ 14ರ ರಾತ್ರಿ ಅವಳ ತೇರು ಎಳೆಯುತ್ತಾರೆ. ಜಾತ್ರೆ ಇಷ್ಟಪಡುವವರು ಆ ದಿನಕ್ಕೇ ಹೊಂದಿಸಿಕೊಂಡು ಬರಬಹುದು.

ಇಳಿದ ಮೇಲೆ

ಏಳು ಗಂಟೆಗೆ ಯಾವ ಹೋಟೆಲಿನಲ್ಲೂ ರೂಮು ಸಿಗುವುದಿಲ್ಲ. ಬ್ಯಾಗ್ ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಕೇಳಿಡಿ. ಬಂದರಿನ ಎದುರಿನ ವಿಯಾ ಎಮೆರಿಕೊ ಅಮಾರಿ ರಸ್ತೆ ಹಿಡಿದು ನೇರ ನಡೆದರೆ ಪೊಲಿತೆಯಾಮಾ ನಾಟಕಶಾಲೆಯ ಚೌಕ. ಅಲ್ಲಿ ಎಡಕ್ಕೆ ತಿರುಗಿ ನೇರ ಹೋದರೆ 1897ರಲ್ಲಿ ತೆರೆದ ದೊಡ್ಡ ಒಪೆರಾ ಮನೆ ತೆಯಾತ್ರೊ ಮಾಸ್ಸಿಮೊ, ಮುಂದೆ ಹಳೇ ಊರಿನ ನಡುಬಿಂದು ಕ್ವಾತ್ರೊ ಕಾಂತಿ. ನಾಲ್ಕು ಮೂಲೆಗೂ ಒಂದೊಂದು ಬಾಗಿದ ಗೋಡೆ: ಕೆಳಗೆ ಒಂದೊಂದು ಋತುವಿನ ಕಾರಂಜಿ, ನಡುವೆ ಸ್ಪೇನಿನ ರಾಜರು, ಮೇಲೆ ಸಂತ ಸ್ತ್ರೀಯರು.

ಒಂದೇ ದಿನ ಇದ್ದರೆ ನೋಡಲೇಬೇಕಾದದ್ದು ನಾರ್ಮನ್ನರ ಅರಮನೆಯೊಳಗಿನ ಕಪ್ಪೆಲ್ಲಾ ಪಲತೀನಾ. ಅರಬರು 831ರಲ್ಲಿ ಹಿಡಿದ ಈ ಊರನ್ನು ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು 1072ರಲ್ಲಿ ಗೆದ್ದರು. ಗೆದ್ದವರು ಸೋತವರ ಕುಶಲಕರ್ಮಿಗಳನ್ನು ಓಡಿಸಲಿಲ್ಲ, ಕೆಲಸ ಕೊಟ್ಟರು. ಅದರ ಫಲ ನಾರ್ಮನ್ ರಾಜ ಎರಡನೇ ರೊಜರ್ ಕಟ್ಟಿಸಿದ ಈ ಚಿಕ್ಕ ಚರ್ಚು. ಗೋಡೆಗಳಲ್ಲಿ ಬೈಜಾಂಟಿಯಂ ಶೈಲಿಯ ಚಿನ್ನದ ಮೊಸಾಯಿಕ್, ತಲೆ ಎತ್ತಿದರೆ ಜೇನುಗೂಡಿನಂಥ ಅರಬ್ ಶೈಲಿಯ ಮರದ ಚಾವಣಿ. ಕುತ್ತಿಗೆ ನೋಯುವ ತನಕ ನೋಡಿ. ಈ ಅರಮನೆ ಇವತ್ತಿಗೂ ಸಿಸಿಲಿಯ ವಿಧಾನಸಭೆ. ಮಂಗಳವಾರದಿಂದ ಗುರುವಾರದ ತನಕ ಸಭೆ ನಡೆಯುವುದರಿಂದ ರಾಜರ ಕೋಣೆಗಳು ಮುಚ್ಚಿರುತ್ತವೆ. ಭಾನುವಾರ ಬೆಳಿಗ್ಗೆ ಪೂಜೆಗಾಗಿ ಚರ್ಚು ಕೆಲ ಹೊತ್ತು ಮುಚ್ಚುತ್ತದೆ. ಹಾಗಾಗಿ ಶುಕ್ರವಾರ, ಶನಿವಾರ ಸಲೀಸು. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಹೊಟ್ಟೆಪಾಡು

ಅರಮನೆಯಿಂದ ಸ್ವಲ್ಪ ನಡೆದರೆ ಬಲ್ಲರೊ ಸಂತೆ. ಮಾರುವವರ ಕೂಗು ಕಿವಿ ತುಂಬುತ್ತದೆ. ಇಲ್ಲಿ ‘ಪನೆಲ್ಲೆ’ ಕೇಳಿ. ಕಡಲೆ ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಾಯಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಗೆ ಬಿಡುತ್ತಾರೆ. ನಮ್ಮ ಉತ್ತರ ಕರ್ನಾಟಕದ ಝುಣಕದ ವಡಿಯನ್ನು ಕರಿದ ಹಾಗೆ, ಖಾರ ಮಾತ್ರ ಇಲ್ಲ. ಎಳ್ಳು ಹಾಕಿದ ಬನ್ನಿನ ನಡುವೆ ಇಟ್ಟು, ನಿಂಬೆ ಹಿಂಡಿ ಕೊಡುತ್ತಾರೆ. ಬದನೆಕಾಯಿಯ ಸಿಹಿ-ಹುಳಿ ಪಲ್ಯ ‘ಕಪೊನಾತಾ’ ಕೂಡ ಸಸ್ಯಾಹಾರಿಗಳಿಗೆ ಸಾಮಾನ್ಯವಾಗಿ ಆಗುತ್ತದೆ.

ಬಾಕಿ ಕಡೆ ಹುಷಾರು. ‘ಸ್ಫಿಂಚೊನೆ’ ನೋಡಲು ಟೊಮೆಟೊ-ಈರುಳ್ಳಿ ಪಿಜ್ಜಾ, ಒಳಗೆ ಸಣ್ಣ ಮೀನು ಇರುತ್ತದೆ. ಅನ್ನದ ಉಂಡೆ ‘ಅರಂಚೀನಾ’ದಲ್ಲಿ ಬೆಣ್ಣೆಯದು ಅಂದರೂ ಹಂದಿ ಮಾಂಸದ ಚೂರು ಇರುವುದೇ ಜಾಸ್ತಿ. ‘ಪಾನಿ ಕಾ ಮೇವುಸಾ’ ಅಂತೂ ಕರುವಿನ ಒಳಅಂಗಗಳನ್ನು ಬೇಯಿಸಿ ಹಂದಿ ಕೊಬ್ಬಿನಲ್ಲಿ ಹುರಿದದ್ದು. ಮಾಂಸ ತಿನ್ನುವ ಗೆಳೆಯರು ಅದನ್ನೇ ಹುಡುಕಿಕೊಂಡು ಹೋಗುತ್ತಾರೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ’ ಅಂದರೆ ಮಾಂಸ ಬೇಡ, ಮೀನು ಬೇಡ. ಇಷ್ಟು ಬಾಯಿಪಾಠ ಮಾಡಿಕೊಳ್ಳಿ.

ವಾಪಸ್ ಹೋಗುವಾಗ ಹಡಗು ಸಾಕಾಯಿತು ಅನಿಸಿದರೆ ರೈಲು ಇದೆ. ಆದರೂ ಸಮುದ್ರ ತಪ್ಪುವುದಿಲ್ಲ. ಮೆಸ್ಸೀನಾದಲ್ಲಿ ರೈಲಿನ ಬೋಗಿಗಳನ್ನೇ ಬಿಡಿಸಿ ಹಡಗಿನೊಳಗೆ ತಳ್ಳಿ, ಜಲಸಂಧಿ ದಾಟಿಸಿ, ಆಚೆ ದಡದಲ್ಲಿ ಮತ್ತೆ ಜೋಡಿಸುತ್ತಾರೆ. ನೇಪಲ್ಸ್‌ಗೆ ಸುಮಾರು ಒಂಬತ್ತು ಗಂಟೆ ಹಿಡಿಯುತ್ತದೆ. ಪನೆಲ್ಲೆ ಬನ್ನು ಎರಡು ಕಟ್ಟಿಸಿಕೊಂಡೇ ಹತ್ತಿ.