ಕುಡಿದು ಬಂದವರಿಗೂ ಒಂದು ಚಾಪೆ

ಬೆಂಗಳೂರಿನ ಕಲಾಸಿಪಾಳ್ಯ, ಕೆ.ಆರ್. ಮಾರ್ಕೆಟ್ ಸುತ್ತಮುತ್ತ ರಾತ್ರಿ ಅಂಗಡಿ ಮೆಟ್ಟಿಲ ಮೇಲೆ ಮಲಗುವ ಎಷ್ಟೋ ಜನ ಹಗಲೆಲ್ಲ ದುಡಿಯುವವರು. ಮೂಟೆ ಹೊರುತ್ತಾರೆ, ಛತ್ರಗಳಲ್ಲಿ ಬಡಿಸುತ್ತಾರೆ, ಚಿಂದಿ ಆಯುತ್ತಾರೆ. ಮನೆಯಿಲ್ಲದವರು ರಾತ್ರಿ ಮಲಗಲು ನಗರಗಳಲ್ಲಿ ಲಕ್ಷ ಜನಸಂಖ್ಯೆಗೊಂದು ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. ತಂಗುದಾಣ ಇದ್ದ ಕಡೆಯೂ ಇವರಲ್ಲಿ ಕುಡಿಯುವವರು ಹೊರಗೇ ಉಳಿಯುತ್ತಿದ್ದರು, ಕುಡಿದವರಿಗೆ ಪ್ರವೇಶವಿಲ್ಲ ಎಂಬ ನಿಯಮದಿಂದ.

ನಮ್ಮ ತಂಗುದಾಣದಲ್ಲಿ ಮೊದಲು ತೆಗೆಸಿದ್ದು ಆ ನಿಯಮವನ್ನು. ಕುಡಿದು ಬರಬಹುದು, ಒಳಗೆ ಕುಡಿಯುವಂತಿಲ್ಲ, ಗಲಾಟೆ ಮಾಡುವಂತಿಲ್ಲ. ಅವರಿಗೆ ಬಾಗಿಲ ಹತ್ತಿರವೇ ಚಾಪೆ. ವಾಂತಿ ಬಂದರೆ ಉಸಿರು ಕಟ್ಟದಿರಲೆಂದು ಮಗ್ಗುಲಾಗಿ ಮಲಗಿಸುತ್ತೇವೆ, ಕೇರ್‌ಟೇಕರ್ ರಾತ್ರಿ ಎದ್ದೆದ್ದು ನೋಡುತ್ತಾರೆ.

ನಿಜವಾದ ಅಪಾಯ ಕಾಣುವುದು ಬೆಳಗ್ಗೆ. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದರೂ ತುಳುಕಿ ಅಂಗಿ ತೋಯುತ್ತದೆ. "ಒಂದು ಪ್ಯಾಕೆಟ್ ಬಿದ್ರೆ ಸರಿಹೋಗುತ್ತೆ ಮೇಡಂ" ಅಂತಾರೆ. ಅವರು ಹೇಳುವುದು ಸುಳ್ಳಲ್ಲ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ದಿಢೀರನೆ ನಿಂತರೆ ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರು ಇಲ್ಲದ್ದನ್ನು ಕಂಡು ಬೆದರುತ್ತಾರೆ, ಎಲ್ಲಿದ್ದೇವೆಂಬುದೇ ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಸಾವೂ ಆಗಬಹುದು. ಅದಕ್ಕೇ ದೇವರ ಮೇಲೆ ಆಣೆ ಹಾಕಿಸಿ 'ಇವತ್ತಿಂದಲೇ ಬಿಡು' ಅನ್ನುವವರನ್ನು ಕಂಡರೆ ನನಗೆ ಭಯ. ನಾವು ಮೊದಲು ವೈದ್ಯರ ಹತ್ತಿರ ಕರೆದೊಯ್ಯುತ್ತೇವೆ. ನಡುಕ ತಗ್ಗಿಸುವ ಮಾತ್ರೆಯನ್ನು ಅವರು ದಿನದಿಂದ ದಿನಕ್ಕೆ ಇಳಿಸುತ್ತಾ ಬರುತ್ತಾರೆ, ಥಯಮಿನ್ ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ಊಟ ಬಿಟ್ಟು ಕುಡಿದವರಿಗೆ ಥಯಮಿನ್ ಇಲ್ಲದೆ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಆದ್ದರಿಂದ 'ಇವರು ಕುಡಿಯುವವರು, ಸರಿಯಾಗಿ ಉಂಡಿಲ್ಲ' ಎಂದು ಡ್ರಿಪ್ ಹಾಕುವ ಮುಂಚೆಯೇ ಹೇಳಿಬಿಡಬೇಕೆಂದು ನಮ್ಮ ಹುಡುಗರಿಗೆಲ್ಲ ಕಲಿಸಿದ್ದೇವೆ.

ಆಸ್ಪತ್ರೆಯಲ್ಲಿ ಕೇಳುವುದು ಎರಡು: ಆಧಾರ್ ಎಲ್ಲಿ, ಜೊತೆಗೆ ಯಾರಿದ್ದಾರೆ? ಜೊತೆಗೆ ನಮ್ಮವರೇ ಸರದಿಯಲ್ಲಿ ಕೂರುತ್ತಾರೆ. ಕಾಗದದ ತಕರಾರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರತಿ ಬ್ಯಾಗಿನಲ್ಲೇ ಇರುತ್ತದೆ. ಮದ್ಯದಿಂದ ಬರುವ ಮಾನಸಿಕ ತೊಂದರೆಗಳೂ ಅದರ ವ್ಯಾಪ್ತಿಯಲ್ಲಿವೆ. ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ ಸರಿ, ಮನೆಯಿಲ್ಲದವರಿಗೆ ಸರ್ಕಾರಿ ಸಂಸ್ಥೆಗಳಲ್ಲಿ ಈ ಚಿಕಿತ್ಸೆ ಉಚಿತ ಎಂದು 18ನೇ ಸೆಕ್ಷನ್ ಹೇಳುತ್ತದೆ. ಆ ಪುಟ ತೋರಿಸಿದರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಡಿಸ್ಚಾರ್ಜ್ ಆದಮೇಲಿನ ವಾರಗಳು ಇನ್ನೂ ಕಷ್ಟ. ಫುಟ್‌ಪಾತ್‌ನಲ್ಲಿ ಮಾತ್ರೆ ಇಟ್ಟುಕೊಳ್ಳಲು ಜಾಗವೆಲ್ಲಿ? ಕಳುವಾಗುತ್ತದೆ, ಮಳೆಗೆ ನೆನೆಯುತ್ತದೆ. ಹಾಗಾಗಿ ಪ್ರತಿಯೊಬ್ಬರ ಹೆಸರು ಬರೆದ ಡಬ್ಬಿ ಕೇರ್‌ಟೇಕರ್ ಹತ್ತಿರ ಇರುತ್ತದೆ. ಕೂಲಿ ಹಣವನ್ನೂ ಇಷ್ಟಪಟ್ಟವರು ಅಲ್ಲೇ ಕೊಟ್ಟಿಡುತ್ತಾರೆ. ಸಂಜೆ ಬಟವಾಡೆಯಾದ ಕೂಡಲೇ ದಾರಿಯಲ್ಲಿ ಬಾರ್ ಇರುತ್ತದಲ್ಲ, ಆ ಹೊತ್ತಿಗೆ ನಮ್ಮಲ್ಲೊಬ್ಬರು ಮಾರ್ಕೆಟ್ಟಿಗೇ ಹೋಗಿ ಜೊತೆಯಲ್ಲಿ ನಡೆದು ಬರುತ್ತಾರೆ. ಮತ್ತೆ ಕುಡಿದರೂ ಚಾಪೆ ತಪ್ಪುವುದಿಲ್ಲ.

ಹೆಂಗಸರಿಗೆ ಇಷ್ಟೂ ಆಗಿಲ್ಲ. ಕುಡಿಯುವ ಹೆಂಗಸೆಂದರೆ ಬಯ್ಯುವವರೇ ಹೆಚ್ಚು, ಒಳಗೆ ಕರೆಯುವವರು ಕಡಿಮೆ. ಅವರಿಗೇ ಬೇರೆ ಕೋಣೆ, ರಾತ್ರಿಗೆ ಮಹಿಳಾ ಕೇರ್‌ಟೇಕರ್ ಬೇಕೆಂದು ಪಾಲಿಕೆಯನ್ನು ಕೇಳುತ್ತಲೇ ಇದ್ದೇವೆ.