ಅಮೆರಿಕದಲ್ಲಿ ಪೊಲೀಸ್ ಶೋಧ: ತಲೆಯಾಡಿಸುವ ಮುನ್ನ

ವೇಗಮಿತಿ ಮೀರಿದ್ದಕ್ಕೆ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿದ ಅಧಿಕಾರಿ, ಚೀಟಿ ಬರೆದುಕೊಟ್ಟು ಲೈಸೆನ್ಸ್ ಹಿಂದಿರುಗಿಸುತ್ತ, ‘ಡಿಕ್ಕಿ ಒಮ್ಮೆ ನೋಡಬಹುದೇ?’ ಎಂದು ಸೌಜನ್ಯದಿಂದಲೇ ಕೇಳುವುದುಂಟು. ನಮ್ಮವರಲ್ಲಿ ಅನೇಕರು ಅದನ್ನು ಅಪ್ಪಣೆಯೆಂದೇ ತಿಳಿದು ತಲೆಯಾಡಿಸಿಬಿಡುತ್ತಾರೆ. ಇನ್ನು ಕೆಲವರು ‘ಕೇಳಿಸಿತು’ ಎಂಬರ್ಥದಲ್ಲಿ ಆಡಿಸಿದ ತಲೆಯೂ ಇಲ್ಲಿ ‘ಆಗಲಿ’ ಎಂದೇ ಅರ್ಥವಾಗುತ್ತದೆ. ಅಧಿಕಾರಿಯ ಬಳಿ ಬೇರಾವ ಆಧಾರವೂ ಇಲ್ಲದಿದ್ದಾಗ, ಆ ಒಪ್ಪಿಗೆಯೇ ಶೋಧವನ್ನು ಸಕ್ರಮಗೊಳಿಸುತ್ತದೆ.

1791ರಲ್ಲಿ ಜಾರಿಗೆ ಬಂದ ಸಂವಿಧಾನದ ನಾಲ್ಕನೇ ತಿದ್ದುಪಡಿಯು ವ್ಯಕ್ತಿ, ಮನೆ, ಕಾಗದಪತ್ರ ಮತ್ತು ಸ್ವತ್ತುಗಳನ್ನು ಅಸಮಂಜಸವಾದ ಶೋಧ ಮತ್ತು ಜಪ್ತಿಯಿಂದ ರಕ್ಷಿಸುತ್ತದೆ. ವೀಸಾದ ಮೇಲೆ ಇಲ್ಲಿ ನೆಲೆಸಿರುವವರಿಗೂ ಈ ರಕ್ಷಣೆಯುಂಟು. ಅಧಿಕಾರಿಗೆ ಶೋಧಕ್ಕೆ ಮೊದಲೇ ಏನು ತಿಳಿದಿತ್ತು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಆಮೇಲೆ ಏನು ಸಿಕ್ಕಿತು ಎಂಬುದು ಹಿಂದಿನ ಕ್ರಮವನ್ನು ಸಮರ್ಥಿಸಲಾರದು. ನಿರ್ದಿಷ್ಟ ಸಂಗತಿಗಳನ್ನು ಆಧರಿಸಿದ ಸಕಾರಣ ಅನುಮಾನವಿದ್ದರೆ ವ್ಯಕ್ತಿಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸಬಹುದು, ಆಯುಧವಿರುವ ಶಂಕೆಯಿದ್ದರೆ ಮೇಲುಡುಪನ್ನು ತಡವಿ ನೋಡಬಹುದು ಎಂದು ಸುಪ್ರೀಂ ಕೋರ್ಟ್ 1968ರ ಟೆರಿ ಪ್ರಕರಣದಲ್ಲಿ ಹೇಳಿತು. ಅದಕ್ಕಿಂತ ಗಟ್ಟಿಯಾದ ಆಧಾರವನ್ನು ಇಲ್ಲಿ ‘ಪ್ರಾಬಬಲ್ ಕಾಸ್’ ಎನ್ನುತ್ತಾರೆ. ಅದಿದ್ದರೆ ಕಾರನ್ನು ವಾರಂಟ್ ಇಲ್ಲದೆಯೂ ಶೋಧಿಸಬಹುದೆಂಬುದು 1925ರಿಂದ ನಡೆದುಬಂದ ನಿಯಮ.

ಮನೆಯ ಮಾತು ಬೇರೆ. ಒಳಗಿನಿಂದ ಯಾರೋ ಕೂಗಿಕೊಳ್ಳುತ್ತಿರುವಂಥ ತುರ್ತು ಸನ್ನಿವೇಶ ಅಥವಾ ಮನೆಯವರ ಒಪ್ಪಿಗೆ ಇಲ್ಲದಿದ್ದರೆ, ಹೊಸ್ತಿಲು ದಾಟಿ ಶೋಧಿಸಲು ಸಾಮಾನ್ಯವಾಗಿ ನ್ಯಾಯಾಧೀಶರು ಸಹಿ ಮಾಡಿದ ವಾರಂಟ್ ಬೇಕು. ಮಾದಕ ವಸ್ತು ಪತ್ತೆಯ ನಾಯಿಯನ್ನು ಮುಂಬಾಗಿಲ ಜಗಲಿಗೆ ತಂದು ಮೂಸಿಸುವುದೂ ಶೋಧವೇ ಎಂದು 2013ರಲ್ಲಿ ತೀರ್ಪಾಗಿದೆ. ಗಂಡ ಹೂಂ ಎಂದರೂ ಎದುರಿಗೇ ನಿಂತ ಹೆಂಡತಿ ಬೇಡವೆಂದರೆ ಆ ಒಪ್ಪಿಗೆ ಆಕೆಯ ವಿರುದ್ಧ ಸಲ್ಲದು ಎಂಬುದು 2006ರ ತೀರ್ಪು.

ಬಂಧಿತನ ಮೊಬೈಲ್ ಒಳಗನ್ನು ನೋಡಲು ಸಾಮಾನ್ಯವಾಗಿ ವಾರಂಟ್ ಬೇಕೆಂದು 2014ರಲ್ಲಿ ನಿರ್ಣಯವಾಗಿದೆ. ಆದರೆ ವಿಮಾನ ನಿಲ್ದಾಣದ ವಲಸೆ ಕೌಂಟರಿನಲ್ಲಿ ಈ ಭರವಸೆ ಇಟ್ಟುಕೊಳ್ಳಬೇಡಿ. ಗಡಿಯಲ್ಲಿ ಅಧಿಕಾರಿಗಳು ವಾರಂಟ್ ಇಲ್ಲದೆಯೇ ಫೋನನ್ನು ತೆರೆದು ನೋಡುತ್ತಾರೆ. ಪಾಸ್‌ವರ್ಡ್ ಕೊಡಲೊಪ್ಪದ ವೀಸಾದಾರರಿಗೆ ಪ್ರವೇಶವನ್ನೇ ನಿರಾಕರಿಸುವ ಸಾಧ್ಯತೆಯಿದೆ.

ಒಪ್ಪಿಗೆಯ ವಿಚಾರಕ್ಕೆ ಮರಳುವುದಾದರೆ, ‘ನೀವು ನಿರಾಕರಿಸಬಹುದು’ ಎಂದು ಅಧಿಕಾರಿ ನಿಮಗೆ ತಿಳಿಸಲೇಬೇಕೆಂದಿಲ್ಲ. 1973ರ ತೀರ್ಪು ಅವರಿಗೆ ಆ ಹೊಣೆಯನ್ನು ಹೊರಿಸಿಲ್ಲ. ನನ್ನ ದೃಷ್ಟಿಯಲ್ಲಿ ಹೊಸಬರು ಎಡವುವುದು ಇಲ್ಲಿಯೇ. ನಿರಾಕರಿಸುವುದಾದರೆ ಕೈ ಅಡ್ಡ ಹಿಡಿಯದೆ, ಸ್ವರವೇರಿಸದೆ, ‘ಐ ಡು ನಾಟ್ ಕನ್ಸೆಂಟ್ ಟು ಎ ಸರ್ಚ್’ ಎಂದು ಸ್ಪಷ್ಟವಾಗಿ ಹೇಳಿ ಸುಮ್ಮನಾಗಬೇಕು. ಅಷ್ಟಾದರೂ ಅವರು ಶೋಧಿಸಿದರೆ ತಡೆಯಲು ಹೋಗಬಾರದು. ಅದರ ವಿಚಾರಣೆಗೆ ನ್ಯಾಯಾಲಯವಿದೆ. ಭಾರತದಲ್ಲಿ ಶೋಧ ಅಕ್ರಮವಾಗಿತ್ತೆಂಬ ಒಂದೇ ಕಾರಣಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಇಲ್ಲಿ 1961ರ ಮ್ಯಾಪ್ ತೀರ್ಪಿನ ನಂತರ, ಕೆಲವು ಅಪವಾದಗಳನ್ನು ಬಿಟ್ಟರೆ, ಅಂಥ ಸಾಕ್ಷ್ಯವನ್ನು ರಾಜ್ಯಗಳ ನ್ಯಾಯಾಲಯಗಳೂ ಕ್ರಿಮಿನಲ್ ವಿಚಾರಣೆಯಿಂದ ಹೊರಗಿಡಬೇಕು. ನಿಮ್ಮ ನಿರಾಕರಣೆ ಅಧಿಕಾರಿಯ ಎದೆಯ ಮೇಲಿನ ಕ್ಯಾಮೆರಾದಲ್ಲಿ ದಾಖಲಾಗಿದ್ದರೆ, ಒಪ್ಪಿಗೆಯಿಂದಲೇ ಡಿಕ್ಕಿ ತೆರೆದೆವು ಎಂದು ಸರ್ಕಾರಿ ವಕೀಲರು ವಾದಿಸುವುದು ಸುಲಭವಲ್ಲ.