ಟೈಪ್ ಹೊಂದುತ್ತಿಲ್ಲ ಎಂದು ಕಂಪೈಲರ್ ತಡೆದಾಗ

ಪೈಥಾನ್‌ನಲ್ಲಿ ಕೈ ಪಳಗಿಸಿಕೊಂಡು, ಮತ್ತೊಂದು ಪ್ರೋಗ್ರಾಮಿಂಗ್ ಭಾಷೆಯಾದ ಜಾವಾ ಕಲಿಯಲು ಕುಳಿತವರಿಗೆ ಮೊದಲ ದಿನವೇ ಕಿರಿಕಿರಿ ಶುರುವಾಗುತ್ತದೆ. ಪ್ರೋಗ್ರಾಮ್ ಓಡುವುದಕ್ಕೂ ಮುನ್ನವೇ, ಅದನ್ನು ಯಂತ್ರಕ್ಕೆ ಅರ್ಥವಾಗುವಂತೆ ಅನುವಾದಿಸುವ ಕಂಪೈಲರ್ ತಕರಾರು ತೆಗೆಯುತ್ತದೆ. ಜಾವಾದಂತಹ ಸ್ಟ್ಯಾಟಿಕ್ ಟೈಪ್ ಇರುವ ಭಾಷೆಗಳಲ್ಲಿ ಪ್ರತಿಯೊಂದು ವೇರಿಯಬಲ್ ಯಾವ ಬಗೆಯ ಮೌಲ್ಯವನ್ನು ಇಟ್ಟುಕೊಳ್ಳಬಹುದು ಎಂಬುದು ಕಂಪೈಲ್ ಆಗುವ ಹೊತ್ತಿಗೇ ನಿಗದಿಯಾಗಿರಬೇಕಾದ್ದರಿಂದ ಹೀಗಾಗುತ್ತದೆ.

ಮೊದಲು ತಪ್ಪುಗಳ ಪಟ್ಟಿಯನ್ನು ಓದುವ ಕ್ರಮ ತಿಳಿಯಿರಿ. ಹತ್ತು ತಪ್ಪುಗಳು ಕಂಡರೂ ಮೇಲಿನದನ್ನಷ್ಟೇ ಸರಿಪಡಿಸಿ ಮತ್ತೆ ಕಂಪೈಲ್ ಮಾಡಿ. ಬಿಟ್ಟುಹೋದ ಒಂದೇ ಆವರಣ ಚಿಹ್ನೆಯಿಂದ ಉಳಿದವು ಹುಟ್ಟಿರಬಹುದು. ತೋರಿಸಿದ ಸಾಲಿನಲ್ಲಿ ದೋಷ ಕಾಣದಿದ್ದರೆ ಅದರ ಹಿಂದಿನ ಸಾಲನ್ನು ನೋಡಿ.

ಎಲ್ಲ ಕಡೆ ಟೈಪ್ ಬರೆಯಲೇಬೇಕೇ? ಬೇಕಿಲ್ಲ. 2018ರಲ್ಲಿ ಬಂದ ಜಾವಾ 10ರಿಂದ, ಮೆಥಡ್‌ನ ಒಳಗಿನ ವೇರಿಯಬಲ್‌ಗೆ ಆರಂಭದಲ್ಲೇ ಮೌಲ್ಯ ಕೊಡುವುದಾದರೆ ‘ವರ್’ ಎಂದು ಬರೆದರೆ ಸಾಕು, ಟೈಪ್ ಯಾವುದೆಂದು ಕಂಪೈಲರ್ ತಾನೇ ಊಹಿಸುತ್ತದೆ. ಹಾಗೆ ಊಹಿಸಿದ ಟೈಪ್ ಮುಂದೆ ಬದಲಾಗುವುದಿಲ್ಲ. ಆದರೂ ಆರಂಭದಲ್ಲಿ ಟೈಪ್ ಅನ್ನು ಕೈಯಾರೆ ಬರೆಯುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಹೊಸಬರನ್ನು ಹೆಚ್ಚು ಕಾಡುವುದು ಭಾಗಾಕಾರ. 7ನ್ನು 2ರಿಂದ ಭಾಗಿಸಿದರೆ ಜಾವಾ 3 ಎನ್ನುತ್ತದೆ, ಏಕೆಂದರೆ ಎರಡೂ ‘ಇಂಟ್’, ಅಂದರೆ ಪೂರ್ಣಾಂಕ. ಉತ್ತರವನ್ನು ದಶಮಾಂಶದ ‘ಡಬಲ್’ ವೇರಿಯಬಲ್‌ನಲ್ಲಿ ಇಟ್ಟರೂ 3.0 ಮಾತ್ರ ಸಿಗುತ್ತದೆ; ಭಾಗಾಕಾರ ಮುಗಿದು ದಶಮಾಂಶ ಕಳೆದುಹೋದ ಮೇಲಷ್ಟೇ ಟೈಪ್ ಬದಲಾಗುವುದು ಇದಕ್ಕೆ ಕಾರಣ. 2ರ ಬದಲು 2.0 ಎಂದು ಬರೆಯಿರಿ, 3.5 ಬರುತ್ತದೆ. ಇಲ್ಲಿ ಕಂಪೈಲರ್ ತುಟಿ ಬಿಚ್ಚುವುದಿಲ್ಲ ಎಂಬುದನ್ನು ಗಮನಿಸಿ. ಟೈಪ್ ಹೊಂದಿದೆಯೇ ಎಂದು ಅದು ನೋಡುತ್ತದೆಯೇ ಹೊರತು ನಿಮ್ಮ ಲೆಕ್ಕ ಸರಿಯೇ ಎಂದಲ್ಲ.

‘ಡಬಲ್’ ಅನ್ನು ‘ಇಂಟ್’ಗೆ ಇಳಿಸಬೇಕಾದರೆ ಕಾಸ್ಟ್ ಮಾಡಬೇಕು, ಅಂದರೆ ಬೇಕಾದ ಟೈಪ್ ಅನ್ನು ಮೌಲ್ಯಕ್ಕಿಂತ ಮೊದಲು ಆವರಣದಲ್ಲಿ ಬರೆಯಬೇಕು. ಆಗ 3.99 ಎಂಬುದು 4 ಆಗದೆ 3 ಆಗುತ್ತದೆ. ಇದೇ ರೀತಿ 130ನ್ನು ‘ಬೈಟ್’ ಎಂಬ ಚಿಕ್ಕ ಪೂರ್ಣಾಂಕದ ಟೈಪ್‌ಗೆ ಕಾಸ್ಟ್ ಮಾಡಿದರೆ ಮೈನಸ್ 126 ಬರುತ್ತದೆ, ಬೈಟ್‌ನಲ್ಲಿ 127ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. ಇಂಥ ಪರಿವರ್ತನೆ ದುಬಾರಿಯಾಗಲೂಬಹುದು. 1996ರ ಜೂನ್ 4ರಂದು ಹಾರಿದ ಮೊದಲ ಏರಿಯಾನ್ 5 ರಾಕೆಟ್ ಸುಮಾರು 40 ಸೆಕೆಂಡುಗಳಲ್ಲೇ ನಾಶವಾಯಿತು. ಅದರ ತಂತ್ರಾಂಶವನ್ನು ಬರೆದದ್ದು ಟೈಪ್ ವಿಷಯದಲ್ಲಿ ಬಹಳ ಕಟ್ಟುನಿಟ್ಟಾದ ಏಡಾ ಭಾಷೆಯಲ್ಲಿ. ಆದರೂ 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವಾಗ ಅದು ಹಿಡಿಸದೆ ಹೋಯಿತು.

ಕೀಲಿಮಣೆಯಿಂದ ಓದಿದ ಸಾಲಿನಲ್ಲಿರುವ ‘25’ ಸಂಖ್ಯೆಯಲ್ಲ, ಎರಡು ಅಕ್ಷರಗಳ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಲೆಕ್ಕಕ್ಕೆ ಬಳಸುವ ಮುನ್ನ ‘ಪಾರ್ಸ್‌ಇಂಟ್’ ಮೆಥಡ್‌ನಿಂದ ಅದನ್ನು ಪರಿವರ್ತಿಸಿ.

ಕೊನೆಯದು ‘ನಲ್’. ಸ್ಟ್ರಿಂಗ್ ಎಂದು ಘೋಷಿಸಿದ ವೇರಿಯಬಲ್‌ನಲ್ಲಿ ಏನೂ ಇಲ್ಲದಿರುವುದಕ್ಕೂ ಜಾವಾದ ಒಪ್ಪಿಗೆ ಇದೆ. ಹಾಗಾಗಿ ಕಂಪೈಲ್ ಆದ ಪ್ರೋಗ್ರಾಮ್ ಓಡುವಾಗ ಮುಗ್ಗರಿಸಬಹುದು. 1965ರಲ್ಲಿ ‘ನಲ್’ ಅನ್ನು ರೂಪಿಸಿದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ ಮುಂದೆ ಇದನ್ನು ತಮ್ಮ ಶತಕೋಟಿ ಡಾಲರ್‌ನ ತಪ್ಪು ಎಂದು ಕರೆದರು. ಕೋಟ್ಲಿನ್ ಭಾಷೆಯಲ್ಲಿ ಟೈಪ್‌ನ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಮಾತ್ರ ‘ನಲ್’ಗೆ ಅವಕಾಶ, ಜಾವಾದಲ್ಲಾದರೆ ಬಳಸುವ ಮುನ್ನ ನೀವೇ ಪರೀಕ್ಷಿಸಿಕೊಳ್ಳಬೇಕು.